ಓಟು ಹಾಕಿದ್ರೆ ಮುಗೀತಾ?

ಮಾನ್ಯ ಸಂಪಾದಕರೇ,

ಪ್ರಜಾಪ್ರಭುತ್ವ ಅಂದ ಕೂಡಲೇ ಎಲ್ಲರೂ ತಲೆಯಾಡಿಸುತ್ತಾರೆ. ನನಗೆ ಮಾತ್ರ ಅನುಮಾನ ಜಾಸ್ತಿ. ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಏನು ಸೇರಬೇಕು, ಏನು ಬೇಡ ಅನ್ನುವುದರಲ್ಲಿ ಇವತ್ತಿಗೂ ಕೊನೆಯ ಮಾತು ಅದನ್ನು ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರದೇ, ಅವರಿಗೆ ಯಾರೂ ಓಟು ಹಾಕಿಲ್ಲ, ಆದರೂ ಜಗತ್ತಿನ ಎಷ್ಟೋ ಸರ್ವರ್‌ಗಳು, ಫೋನ್‌ಗಳು ಅದರ ಮೇಲೇ ಓಡುತ್ತಿವೆ.

ಲಿನಕ್ಸ್ ಆಧಾರಿತ ಡೆಬಿಯನ್ ಎಂಬ ವ್ಯವಸ್ಥೆಯನ್ನು ಕಟ್ಟುವ ಸ್ವಯಂಸೇವಕರು ಸಂವಿಧಾನ ಬರೆದುಕೊಂಡು ವರ್ಷಕ್ಕೊಮ್ಮೆ ನಾಯಕನನ್ನು ಆರಿಸುತ್ತಾರೆ. ಅಷ್ಟಾದರೂ 2014ರಲ್ಲಿ ಕಂಪ್ಯೂಟರ್ ಶುರುವಾದಾಗ ಉಳಿದ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶ ಬೇಕೋ ಬೇಡವೋ ಎಂಬ ಜಗಳ ತಾಂತ್ರಿಕ ಸಮಿತಿಯಲ್ಲಿ ಸಮಸಮವಾಗಿ, ಕೊನೆಗೆ ಅಧ್ಯಕ್ಷರ ಒಂದು ಮತದಿಂದ ತೀರ್ಮಾನವಾಯಿತು. ಒಪ್ಪದ ಕೆಲವರು ಎದ್ದುಹೋಗಿ ಸಿಸ್ಟಮ್‌ಡಿ ಇಲ್ಲದ ದೇವುವಾನ್ ಎಂಬ ಬೇರೆ ವ್ಯವಸ್ಥೆ ಕಟ್ಟಿಕೊಂಡರು. ಇಂಥ ತಂತ್ರಾಂಶದ ಕೋಡ್ ಎಲ್ಲರಿಗೂ ಮುಕ್ತ, ಅದನ್ನು ನಕಲು ಮಾಡಿಕೊಂಡು ಹೊರಡಬಹುದು, ಅದು ಅವರ ಪುಣ್ಯ. ಚುನಾವಣೆಯಲ್ಲಿ ಸೋತವರು ದೇಶವನ್ನು ಹಾಗೆ ನಕಲು ಮಾಡಿಕೊಳ್ಳೋಕಾಗಲ್ಲ ಅಲ್ವಾ?

(ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಕೊನೆಯ ಮಾತು ಹೇಳುತ್ತಿದ್ದ ಅದರ ಸೃಷ್ಟಿಕರ್ತ ಗೈಡೋ ವಾನ್ ರೋಸಮ್ 2018ರಲ್ಲಿ ಕೆಳಗಿಳಿದ ಮೇಲೆ 5 ಜನರ ಚುನಾಯಿತ ಮಂಡಳಿ ಬಂತು, ಭಾಷೆಯೇನೂ ಹಾಳಾಗಲಿಲ್ಲ. ಅದನ್ನೂ ಹೇಳಬೇಕು.)

ಇನ್ನು ವಿಶ್ವಸಂಸ್ಥೆ. ಮಹಾಸಭೆಯಲ್ಲಿ 193 ದೇಶಗಳಿಗೂ ಒಂದೊಂದು ಮತ, ಕೇಳೋಕೆ ಚೆನ್ನಾಗಿದೆ. ಆದರೆ ಯುದ್ಧ, ಶಾಂತಿಯ ವಿಷಯದಲ್ಲಿ ಅಲ್ಲಿನ ನಿರ್ಣಯ ಬರೀ ಸಲಹೆ. ಭದ್ರತಾ ಮಂಡಳಿಯಲ್ಲಿ 5 ಕಾಯಂ ಸದಸ್ಯರ ಪೈಕಿ ಒಬ್ಬರು ವೀಟೋ ಹಾಕಿದರೆ ಉಳಿದ 14 ಸದಸ್ಯರು ಸುಮ್ನೆ ಕೂರಬೇಕು. ಈ ನಿಯಮ ಬದಲಿಸೋಣ ಅಂದರೆ ವಿಶ್ವಸಂಸ್ಥೆಯ ಮೂಲ ನಿಯಮಾವಳಿಯಾದ ಸನ್ನದಿಗೆ ತಿದ್ದುಪಡಿ ಆಗಬೇಕು, ಅದಕ್ಕೂ ಆ ಐವರ ಒಪ್ಪಿಗೆಯೇ ಬೇಕು! ಟೊರ್ವಾಲ್ಡ್ಸ್ ಆದರೂ ನಾನು ಚುನಾಯಿತ ಅಂತ ಹೇಳಿಕೊಳ್ಳುವುದಿಲ್ಲ.

– ಒಬ್ಬ ಓದುಗ