ಕೆಂಪು ಬಾವುಟ ಹಿಡಿದವರಿಗೆ

ಕಳೆದ ತಿಂಗಳು ನೌಕಾಪಡೆಯ ಸೇವೆಯಿಂದ ನಿವೃತ್ತನಾಗಿ ಅರಸೀಕೆರೆ ನಿಲ್ದಾಣದಲ್ಲಿ ಇಳಿದಾಗ ಹಾರ ಹಿಡಿದು ಕಾದಿದ್ದ ಊರಿನವರಿಗೂ, ಮರುದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಶಾಲು ಹೊದಿಸಿದ ಹಿರಿಯರಿಗೂ, ಹಾಸನದಿಂದ ಬಿಸಿಲಿನಲ್ಲಿ ಬಂದಿದ್ದ ಮಾಜಿ ಸೈನಿಕ ಮಿತ್ರರಿಗೂ ಅಂದು ವೇದಿಕೆಯ ಮೇಲೆ ನಾನು ನೆಟ್ಟಗೆ ಒಂದು ಮಾತನ್ನೂ ಆಡಲಿಲ್ಲ. ಗಂಟಲು ಕಟ್ಟಿತ್ತು. ಆಡಬೇಕಾಗಿದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಸಭೆಯಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "24 ವರ್ಷದಲ್ಲಿ ಎಷ್ಟು ಗುಂಡು ಹೊಡೆದಿದ್ದೀರಿ ಸಾರ್, ಅದರಲ್ಲಿ ಎಷ್ಟು ತಾಗಿವೆ?" ಎಂದು ಕೇಳಿದ. ಹಡಗಿನ ತೋಪುಗಳ ವಿಭಾಗದಲ್ಲೇ ಆಯಸ್ಸು ಕಳೆದವನಿಗೆ ಕೇಳಬೇಕಾದ ಪ್ರಶ್ನೆಯೇ ಅದು, ಆದರೆ ನನ್ನ ಬಳಿ ಆ ಲೆಕ್ಕ ಇರಲಿಲ್ಲ. ನನ್ನ ಬಳಿ ಇರುವುದು ಬೇರೆ ಲೆಕ್ಕ: ನಾನು ಭಾಗವಹಿಸಿದ ಯಾವ ಗುಂಡಿನ ಅಭ್ಯಾಸದಲ್ಲೂ ಒಬ್ಬ ಮನುಷ್ಯನಿಗಾಗಲಿ, ಒಂದು ದೋಣಿಗಾಗಲಿ ಗುಂಡು ತಾಗಲಿಲ್ಲ. ಇದು ನನ್ನ ಸಾಧನೆಯಲ್ಲ. ಹೊಡೆಯಲು ಸಿದ್ಧರಾಗಿ ನಿಂತ ನಮ್ಮನ್ನು ಒಬ್ಬರಲ್ಲ ಒಬ್ಬರು "ನಿಲ್ಲಿಸಿ" ಎಂದು ತಡೆದದ್ದರ ಫಲ. ಹಾಗೆ ತಡೆದವರೆಲ್ಲರಿಗೆ ಈ ಕೃತಜ್ಞತೆ ಸಲ್ಲಬೇಕು.

ಮೊದಲನೆಯವರು ನಮ್ಮಪ್ಪ. ಊರಿನ ಹಳಬರಿಗೆ ನೆನಪಿರಬಹುದು, ಗುಡ್ಡದ ಕಲ್ಲುಕ್ವಾರಿಯಲ್ಲಿ ಬಂಡೆ ಸಿಡಿಸುವ ಹೊತ್ತಿಗೆ ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ರಸ್ತೆಗೆ ಅಡ್ಡ ನಿಲ್ಲುತ್ತಿದ್ದವರು ಅವರೇ. ಬಸ್ಸು ನಿಲ್ಲುತ್ತಿತ್ತು, ಎತ್ತಿನ ಗಾಡಿ ನಿಲ್ಲುತ್ತಿತ್ತು, ಅವಸರದ ಮೋಟಾರ್ ಸೈಕಲ್ಲಿನವರು ಮಾತ್ರ ಬಾಯಿಗೆ ಬಂದಂತೆ ಅನ್ನುತ್ತಿದ್ದರು. "ಬೈದ್ಕೊಳಿ ಸ್ವಾಮಿ, ಆದ್ರೆ ನಿಂತ್ಕೊಂಡು ಬೈದ್ಕೊಳಿ" ಎನ್ನುವುದು ಅಪ್ಪನ ಉತ್ತರ. ಐದು ಕುಳಿಗೆ ಮದ್ದು ತುಂಬಿದ್ದರೆ ಐದು ಸದ್ದನ್ನೂ ಬೆರಳು ಮಡಚಿ ಎಣಿಸುತ್ತಿದ್ದರು. ನಾಲ್ಕೇ ಕೇಳಿಸಿದ ದಿನ ಬಾವುಟ ಇಳಿಯುತ್ತಿರಲಿಲ್ಲ, ಸಂಜೆಯ ಬಸ್ಸು ತಡವಾದರೂ ಸರಿಯೇ. ಒಡಿಶಾದ ಚಿಲಿಕಾ ಸರೋವರದ ದಂಡೆಯ ತರಬೇತಿ ಕೇಂದ್ರಕ್ಕೆ ನಾನು ಹೊರಟಾಗ ಸಮುದ್ರ ಹೇಗಿರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆದರೆ ಮೊದಲ ಅಭ್ಯಾಸದ ದಿನ ಹಡಗಿನ ಮೇಲೆ ಕೆಂಪು ಬಾವುಟ ಏರಿದಾಗ ಅದರ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಎರಡನೆಯದಾಗಿ ಫೋರ್ಟ್ ಕೊಚ್ಚಿಯಲ್ಲಿರುವ ನೌಕಾಪಡೆಯ ಗನ್ನರಿ ಶಾಲೆ ಐಎನ್ಎಸ್ ದ್ರೋಣಾಚಾರ್ಯದ ನನ್ನ ಗುರುಗಳು. 2023ರ ಮಾರ್ಚ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಆ ಶಾಲೆಗೆ ರಾಷ್ಟ್ರಪತಿ ಧ್ವಜವನ್ನು ನೀಡಿದ ದಿನ, ಶಾಲಾ ವಾರ್ಷಿಕೋತ್ಸವದಲ್ಲಿ ಬಹುಮಾನ ಬಂದ ಮಗುವಿನ ತಾಯಿಯಂತೆ ನಾನು ಬೀಗಿದ್ದೆ. ಗುರಿಯಿಡುವುದು ಕಲಿಸಲು ಆ ಗುರುಗಳಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಇಂದಿನ ತೋಪಿಗೆ ಗುರಿ ತೋರಿಸುವುದು ರಾಡಾರ್ ಮತ್ತು ಗಣಕ. ಅವರು ತಿಂಗಳುಗಟ್ಟಲೆ ಕಲಿಸಿದ್ದು ಗುಂಡು ಎಲ್ಲೆಲ್ಲಿ ಹೋಗಬಾರದು ಎಂಬುದನ್ನು. ಹರಿದ್ವಾರದ ಬಿಎಚ್ಇಎಲ್ ಕಾರ್ಖಾನೆಯಲ್ಲಿ ತಯಾರಾಗುವ 76 ಮಿಲಿಮೀಟರ್ ತೋಪು ನಿಮಿಷಕ್ಕೆ 120 ಗುಂಡು ಹಾರಿಸಬಲ್ಲದು, ಒಂದೊಂದು ಗುಂಡು ಸುಮಾರು 6 ಕಿಲೋ ತೂಗುತ್ತದೆ, ಮತ್ತು ಹದಿನೈದು ಕಿಲೋಮೀಟರಿನ ಆಚೆಗೂ ಹೋಗಿ ಬೀಳುತ್ತದೆ. ಗುರಿ ಐದು ಕಿಲೋಮೀಟರ್ ದೂರದಲ್ಲಿದೆಯೆಂದು ಐದೇ ಕಿಲೋಮೀಟರ್ ನೀರನ್ನು ಖಾಲಿ ಮಾಡಿಸಿದರೆ ಸಾಲದು, ಗುಂಡು ಎಲ್ಲಿಯವರೆಗೆ ಹೋಗಬಲ್ಲದೋ ಅಲ್ಲಿಯವರೆಗಿನ ನೀರೆಲ್ಲವೂ ಅಪಾಯದ ವಲಯವೇ. ಕೆರೆಯಲ್ಲಿ ಚಪ್ಪಟೆ ಕಲ್ಲು ಬೀಸಿದರೆ ನೀರಿನ ಮೇಲೆ ಕುಪ್ಪಳಿಸುತ್ತಾ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಓರೆಯಾಗಿ ನೀರಿಗೆ ತಾಗಿದ ಗುಂಡೂ ಹಾಗೆಯೇ ಪುಟಿದು ಎಡಕ್ಕೋ ಬಲಕ್ಕೋ ತಿರುಗಬಹುದು. ಅಭ್ಯಾಸದ ಗುಂಡಿನೊಳಗೆ ಸಿಡಿಮದ್ದು ಇಲ್ಲದಿದ್ದರೂ ಹಾರಿ ಬರುವ 6 ಕಿಲೋ ಲೋಹ ಲೋಹವೇ.

ಆ ವಲಯವನ್ನು ಮೊದಲು ನಕ್ಷೆಯ ಮೇಲೆ ಗೆರೆ ಎಳೆದು ಗೊತ್ತು ಮಾಡಬೇಕು, ಹಡಗುಗಳ ವಾಡಿಕೆಯ ದಾರಿಗಳು ಅದರೊಳಗೆ ಬರಬಾರದು. ಆಮೇಲೆ ದಿನ, ಗಂಟೆ, ಅಕ್ಷಾಂಶ, ರೇಖಾಂಶಗಳೊಂದಿಗೆ ಎಚ್ಚರಿಕೆ ಹೊರಡಬೇಕು. ಜಗತ್ತಿನ ಸಮುದ್ರಗಳನ್ನು ಇಂಥ ಎಚ್ಚರಿಕೆಗಳಿಗಾಗಿ 21 ವಲಯಗಳಾಗಿ ಹಂಚಿಕೊಂಡಿದ್ದಾರೆ. ಎಂಟನೆಯದು ಭಾರತದ ಹೊಣೆ, ಅದರ ಎಚ್ಚರಿಕೆಗಳನ್ನು ಹೊರಡಿಸುವುದು ಡೆಹ್ರಾಡೂನಿನಲ್ಲಿರುವ ರಾಷ್ಟ್ರೀಯ ಜಲನಕ್ಷೆ ಕಚೇರಿ. ಸಮುದ್ರದ ಎಚ್ಚರಿಕೆ ಬೆಟ್ಟದ ಊರಿನಿಂದ ಬರುತ್ತದೆಂಬುದು ಅರಸೀಕೆರೆಯವನಾದ ನನಗೆ ಯಾವಾಗಲೂ ಸಂತೋಷ ಕೊಡುತ್ತಿತ್ತು. ವಿಮಾನಗಳಿಗೆ ಬೇರೆ ಸೂಚನೆ ಹೋಗುತ್ತದೆ. ಸಕಲೇಶಪುರ, ಆಲೂರಿನ ಕಡೆ ಆನೆ ಇಂಥ ತೋಟದಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದಲ್ಲ, ಇದೂ ಆ ಬಗೆಯದೇ, ಆನೆ ಮಾತ್ರ ನಾವು. ಅಭ್ಯಾಸ ಮುಗಿದ ಕೂಡಲೇ ಎಚ್ಚರಿಕೆಯನ್ನು ಹಿಂಪಡೆಯುವ ಸಂದೇಶವೂ ಹೋಗಬೇಕು. ಆ ಒಂದು ಸಾಲನ್ನು ಎಂದೂ ಮರೆಯದ ನಮ್ಮ ಸಂವಹನ ವಿಭಾಗದ ಗೆಳೆಯರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ, ಆದ್ದರಿಂದ ಇಲ್ಲಿ ನೆನೆಯುತ್ತೇನೆ.

ಎಚ್ಚರಿಕೆ ಹೊರಡಿಸಿದ ಮಾತ್ರಕ್ಕೆ ಸಮುದ್ರ ಖಾಲಿಯಾಗುವುದಿಲ್ಲ. ಒಮ್ಮೆ ನಮ್ಮ ಕರಾವಳಿಯ ಆಚೆ ಬೆಳಗಿನಿಂದ ಸಿದ್ಧತೆ ನಡೆಸಿ, ಗುಂಡು ತುಂಬದೆ ನಡೆಸುವ ತಾಲೀಮನ್ನೂ ಮುಗಿಸಿದ್ದೆವು. ಅಷ್ಟರಲ್ಲಿ ವಲಯದ ಅಂಚಿನಲ್ಲಿ ರಾಡಾರಿಗೆ ಸರಿಯಾಗಿ ಕಾಣದ ಒಂದು ಮರದ ದೋಣಿ ದುರ್ಬೀನಿಗೆ ಕಂಡಿತು. ಕ್ಯಾಪ್ಟನ್ ಕನ್ನಡ ಬಲ್ಲವರು ಯಾರಿದ್ದೀರಿ ಎಂದು ಕೇಳಿ ನನ್ನನ್ನು ಹಡಗು ನಡೆಸುವ ಕಟ್ಟೆಗೆ, ಅಂದರೆ ಬ್ರಿಡ್ಜಿಗೆ ಕರೆಸಿದರು. ನಾನು ವಿಎಚ್ಎಫ್ ರೇಡಿಯೋದ 16ನೇ ಚಾನೆಲ್ಲಿನಲ್ಲಿ ನಮ್ಮ ಕಡೆಯ ಕನ್ನಡದಲ್ಲಿ, "ಅಣ್ಣಾ, ಇಲ್ಲಿ ಗುಂಡು ಹಾರಿಸೋದಿದೆ, ಸ್ವಲ್ಪ ಪಶ್ಚಿಮಕ್ಕೆ ಹೋಗ್ತೀರಾ?" ಎಂದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ಬಲೆ ಈಗಷ್ಟೇ ಬಿಟ್ಟದ್ದು ಮಾರಾಯ್ರೆ. ಎಳೀಲಿಕ್ಕೆ ಎರಡು ಗಂಟೆ ಬೇಕು. ನಿಮಗೆ ಅರ್ಜೆಂಟ್ ಉಂಟಾ?"

ನಮಗೆ ಅರ್ಜೆಂಟ್ ಇತ್ತು. ಗುರಿಯನ್ನು ಎಳೆಯುವ ಟಗ್ ಹಡಗಿನ ಡೀಸೆಲ್ ಉರಿಯುತ್ತಿತ್ತು, ಗಾಳಿ ಏಳುತ್ತಿತ್ತು, ವಲಯದ ಸಮಯ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ನಾನು ಆ ಮಾತನ್ನು ಅನುವಾದಿಸಿ ಹೇಳಿದಾಗ ಕ್ಯಾಪ್ಟನ್ ಗಡಿಯಾರ ನೋಡಿಕೊಂಡು, "ಅವರ ಬಲೆ ಅವರ ಅನ್ನ, ಕಾಯೋಣ" ಎಂದರು. ಎರಡು ಗಂಟೆ ಕಾದೆವು. ದೋಣಿ ಹೊರಟಾಗ ಗಾಳಿ ಹೆಚ್ಚಾಗಿ ಅಂದಿನ ಅಭ್ಯಾಸವೇ ರದ್ದಾಯಿತು. ಹೋಗುವ ಮುನ್ನ ಆ ಮೀನುಗಾರರು ದಕ್ಷಿಣದ ಕಡೆ ಬಲೆ ಬಿಟ್ಟ ಇನ್ನೂ ಎರಡು ದೋಣಿಗಳಿವೆ ಎಂದು ತಾವಾಗಿ ತಿಳಿಸಿದ್ದರು. ಅವು ನಮಗೆ ಕಂಡೇ ಇರಲಿಲ್ಲ. ಹೆಸರೂ ತಿಳಿಯದ ಆ ಅಣ್ಣಂದಿರಿಗೆ ನನ್ನ ನಮಸ್ಕಾರ. ಭಟ್ಕಳದ ಆಚೆಯ ನೇತ್ರಾಣಿ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುವುದು ಬೇಡವೆಂದು ಹವಳ ಮತ್ತು ಹಕ್ಕಿಗಳ ಪರವಾಗಿ ದನಿಯೆತ್ತಿದವರಿಗೂ ಇದೇ ನಮಸ್ಕಾರ ಸಲ್ಲುತ್ತದೆ, ಅವರ ಮಾತು ಒಂದು ಕಾಲಕ್ಕೆ ನನಗೆ ರುಚಿಸಿರಲಿಲ್ಲವೆಂಬುದನ್ನೂ ಒಪ್ಪಿಕೊಂಡು.

ಇನ್ನೊಬ್ಬನ ಋಣ ಎಲ್ಲಕ್ಕಿಂತ ದೊಡ್ಡದು. ಅಭ್ಯಾಸದಲ್ಲಿ ಟಗ್ ಹಡಗೊಂದು ನೂರಾರು ಮೀಟರ್ ಉದ್ದದ ಹಗ್ಗದ ತುದಿಗೆ ಗುರಿಯನ್ನು ಕಟ್ಟಿ ಎಳೆದುಕೊಂಡು ಹೋಗುತ್ತದೆ. ಗುರಿ ಸಣ್ಣದು, ಟಗ್ ದೊಡ್ಡದು, ಟಗ್ಗಿನಲ್ಲಿ ಜನರಿರುತ್ತಾರೆ. ರಾಡಾರಿಗೆ ದೊಡ್ಡದರ ಮೇಲೆಯೇ ಕಣ್ಣು. ಆದ್ದರಿಂದಲೇ ಯಂತ್ರ ಏನೇ ಹೇಳಲಿ, ನಳಿಗೆ ನಿಜವಾಗಿ ಯಾವ ಕಡೆಗಿದೆ ಎಂದು ಬರಿಗಣ್ಣಿನಿಂದ ನೋಡುವುದಕ್ಕೇ ಒಬ್ಬನನ್ನು ನಿಲ್ಲಿಸಿರುತ್ತಾರೆ. ಒಮ್ಮೆ ಹಾಗೆ ನಿಂತಿದ್ದವನು ಹಡಗಿಗೆ ಬಂದು ಎರಡು ತಿಂಗಳೂ ಆಗಿರದ, ಮೀಸೆ ಸರಿಯಾಗಿ ಮೂಡಿರದ ಹರಿಯಾಣದ ಹುಡುಗ. ಒಳಗಿನ ಪರದೆಯ ಮೇಲೆ ಎಲ್ಲವೂ ಸರಿಯಿತ್ತು, ನಾನೂ ಸರಿಯೆಂದಿದ್ದೆ, ಆಜ್ಞೆ ಬಾಯಿಯ ತುದಿಯಲ್ಲಿತ್ತು. ಹೆಡ್‌ಫೋನಿನಲ್ಲಿ ಒಡೆದ ಗಂಟಲಿನ "ಚೆಕ್, ಚೆಕ್, ಚೆಕ್" ಕೇಳಿತು, ಅಂದರೆ ಕೂಡಲೇ ನಿಲ್ಲಿಸಿ ಎಂದು. ಹೊರಗೆ ಬಂದು ನೋಡಿದರೆ ನಳಿಗೆ ಗುರಿಯನ್ನು ಬಿಟ್ಟು ನಿಧಾನವಾಗಿ ಟಗ್ಗಿನ ಕಡೆಗೆ ಜರುಗಿತ್ತು. ಹುಡುಗನ ಕೈ ನಡುಗುತ್ತಿತ್ತು. ತಪ್ಪು ಮಾಡಿದೆನೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದ.

ಅಭ್ಯಾಸದ ಹೊತ್ತಿನಲ್ಲಿ "ಚೆಕ್" ಎನ್ನುವ ಹಕ್ಕು ಎಲ್ಲರಿಗೂ ಇದೆ, ಅದಕ್ಕೆ ಪದವಿ ಬೇಕಿಲ್ಲ, ಹಾಗೆಂದು ತಡೆದವನನ್ನು ಏಕೆ ತಡೆದೆ ಎಂದು ಗದರುವಂತಿಲ್ಲ. ಪುಸ್ತಕದಲ್ಲಿ ಇದನ್ನು ಬರೆಯುವುದು ಸುಲಭ, ಹಡಗಿನಲ್ಲಿ ಉಳಿಸಿಕೊಳ್ಳುವುದು ಕಷ್ಟ, ಏಕೆಂದರೆ ಹತ್ತು ಸಲ ಚೆಕ್ ಎಂದರೆ ಒಂಬತ್ತು ಸಲ ಏನೂ ಇರುವುದಿಲ್ಲ. ಆರು ನಳಿಗೆಗಳ ಎಕೆ-630 ತೋಪು ನಿಮಿಷಕ್ಕೆ ಸುಮಾರು 5000 ಗುಂಡು ಹಾರಿಸುತ್ತದೆ; ಒಬ್ಬ ಹುಡುಗ "ಹೇಳಲೋ ಬೇಡವೋ" ಎಂದು ಒಂದು ಸೆಕೆಂಡ್ ಅನುಮಾನಿಸಿದರೆ ಎಂಬತ್ತಕ್ಕೂ ಹೆಚ್ಚು ಗುಂಡುಗಳು ಹೋಗಿಬಿಟ್ಟಿರುತ್ತವೆ. ಅಂದು ಟಗ್ಗಿನಲ್ಲಿದ್ದವರಿಗೆ ಈ ವಿಷಯ ತಿಳಿದದ್ದು ಬಂದರಿಗೆ ಮರಳಿದ ಮೇಲೆ. ಅವರ ಅಡುಗೆಯವರು ಆ ಹುಡುಗನಿಗೆಂದೇ ಒಂದು ಪಾತ್ರೆ ತುಂಬ ಶಿರಾ ಮಾಡಿ ಕಳಿಸಿದರು. ನನಗೂ ಒಂದು ಚಮಚ ಸಿಕ್ಕಿತು.

ನನ್ನನ್ನೇ ತಡೆದವರೊಬ್ಬರ ಮಾತನ್ನೂ ಹೇಳಬೇಕು. ಸೇವೆಯ ಮೊದಲ ವರ್ಷಗಳಲ್ಲಿ ಒಮ್ಮೆ ಬಿಸಿಯಾದ ನಳಿಗೆಯೊಳಗೆ ಗುಂಡೊಂದು ಸಿಡಿಯದೆ ಉಳಿಯಿತು. ಅಂಥ ಹೊತ್ತಿನಲ್ಲಿ ನಳಿಗೆಯನ್ನು ಖಾಲಿ ಸಮುದ್ರದ ಕಡೆಗೇ ಇಟ್ಟು, ನಿಗದಿತ ಕ್ರಮ ಮುಗಿಯುವವರೆಗೆ ಯಾರೂ ಹತ್ತಿರ ಸುಳಿಯಬಾರದು. ಕಾವಿಗೆ ಮದ್ದು ತಾನಾಗಿ ಹೊತ್ತಿಕೊಳ್ಳಬಹುದು. ಬಿಸಿರಕ್ತದ ನಾನು ಆಗಲೇ ತೆಗೆದುಬಿಡೋಣವೆಂದು ಮುಂದೆ ಹೆಜ್ಜೆಯಿಟ್ಟಿದ್ದೆ. ಹಿಂದಿನಿಂದ ನನ್ನ ಹಿರಿಯರು ಸೊಂಟದ ಬೆಲ್ಟಿಗೆ ಕೈಹಾಕಿ ಎಳೆದು ಕೂರಿಸಿದರು. ನಾಲ್ಕೇ ಸದ್ದು ಕೇಳಿಸಿದ ದಿನ ಬಾವುಟ ಇಳಿಸದ ಅಪ್ಪನ ಮಗ ಹಾಗೆ ಮಾಡಬಾರದಿತ್ತು. ಅದೇ ದಿನ ಅವಸರದಲ್ಲಿ ಕಿವಿಯ ರಕ್ಷಾಕವಚವನ್ನೂ ಜಾರಿಸಿಕೊಂಡಿದ್ದೆ, ಪಕ್ಕದ ತೋಪು ಆಮೇಲೆ ಗುಂಡು ಹಾರಿಸಿದಾಗ ಎಡಗಿವಿಯಲ್ಲಿ ಹುಟ್ಟಿಕೊಂಡ ಜೀರುಂಡೆಯ ಸದ್ದು ಇಂದಿಗೂ ನಿಂತಿಲ್ಲ.

ನಾನು ಸಮುದ್ರದಲ್ಲಿದ್ದಷ್ಟು ಕಾಲ ಅಮ್ಮನ ಔಷಧಿ, ಮಕ್ಕಳ ಶಾಲೆ, ತೆಂಗಿನ ತೋಟದ ನೀರು ಎಲ್ಲವನ್ನೂ ಒಬ್ಬಳೇ ನೋಡಿಕೊಂಡ ನನ್ನ ಹೆಂಡತಿಗೆ ಇಲ್ಲಿ ಧನ್ಯವಾದ ಹೇಳಿದರೆ ಅವಳು ನಗುತ್ತಾಳೆ, ಆದರೂ ಹೇಳಿದ್ದೇನೆ. ರಾತ್ರಿ ಹೊತ್ತಿನಲ್ಲಿ ಅಮ್ಮನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ ಎದುರು ಮನೆಯವರಿಗೆ, ಆ ಗಾಡಿಯ ಬಾಡಿಗೆಯನ್ನು ಇವತ್ತಿಗೂ ತೆಗೆದುಕೊಳ್ಳದ ಚಾಲಕ ತಮ್ಮನಿಗೆ ನಾನು ಋಣಿ.

ಊರಿನವರಲ್ಲಿ ಒಂದು ಕ್ಷಮೆ ಕೋರುವುದಿದೆ. ಸಂತೆಯಲ್ಲಿ ಕೂಗಿದರೂ ತಿರುಗಿ ನೋಡಲಿಲ್ಲ, ದೊಡ್ಡ ಮನುಷ್ಯನಾಗಿಬಿಟ್ಟ ಎಂದು ಒಬ್ಬರು ಬೇಸರಪಟ್ಟುಕೊಂಡರೆಂದು ಕೇಳಿದೆ. ಅವರು ನನ್ನ ಎಡಗಡೆಯಿಂದ ಕೂಗಿರಬೇಕು. ದಯವಿಟ್ಟು ಎಲ್ಲರೂ ಬಲಗಡೆಯಿಂದ ಕರೆಯಿರಿ; ಏಳನೆಯ ತರಗತಿಯ ಆ ಹುಡುಗ ಮನೆಗೇ ಬಂದರೆ ಇನ್ನೂ ಸಂತೋಷ, ಅಪ್ಪನ ಕೋಲು ಅಟ್ಟದ ಮೇಲೆ ಹಾಗೆಯೇ ಇದೆ, ಬಟ್ಟೆ ಮಾತ್ರ ಬಣ್ಣ ಕಳೆದುಕೊಂಡಿದೆ.