ಏಪ್ರಿಲ್ ಸಂಬಳಕ್ಕೆ ಜನವರಿಯ ದುಡ್ಡು: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ನಮಸ್ಕಾರ.

ರಾಯಚೂರು ಜಿಲ್ಲೆಯಲ್ಲಿ ಕಿವಿ ಕೇಳದ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಅಥವಾ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಿಗೆ ಸರ್ಕಾರದ ಇಲಾಖೆ ಕೊಡುವ ಅನುದಾನದ ವಿಷಯವಾಗಿ ಈ ಪತ್ರ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಅಂದರೆ ಈ ಸಂಸ್ಥೆಗಳು ಮಾಡುತ್ತಿರುವುದು ಸರ್ಕಾರದ್ದೇ ಕೆಲಸ. ಅನುದಾನ ಹೆಚ್ಚಬೇಕು, ನಿಜ. ಅದಕ್ಕಿಂತ ಮೊದಲು, ಮಂಜೂರಾದದ್ದು ಹೊತ್ತಿಗೆ ಸರಿಯಾಗಿ ಕೈಸೇರಬೇಕು.

ಒಂದು ಶಾಲೆಯ ಸಂಬಳದ ಖರ್ಚು ತಿಂಗಳಿಗೆ 3 ಲಕ್ಷ ರೂಪಾಯಿ ಎಂದು ಹಿಡಿಯಿರಿ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಸಂಸ್ಥೆ ಪ್ರತಿ ತಿಂಗಳ ಕೊನೆಗೆ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗೆ ಸಾಲ ತಂದು ಸಂಬಳ ಕೊಟ್ಟು, ಜನವರಿ ಕೊನೆಗೆ ಅನುದಾನ ಬಂದಾಗ ತೀರಿಸಿದರೆ ಬಡ್ಡಿಯೊಂದೇ 2,70,000 ರೂಪಾಯಿ. ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಅನುದಾನದ ಬಾಬುಗಳಲ್ಲಿ ಬಡ್ಡಿಗೆ ಜಾಗವಿಲ್ಲ. ಇತ್ತ ಪಿಎಫ್ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಲೇಬೇಕು. ತಪ್ಪಿದರೆ ವರ್ಷಕ್ಕೆ ಶೇ 12ರ ಬಡ್ಡಿ, ಮೇಲೆ ದಂಡ. ಮಾರ್ಚ್ ಕೊನೆಯ ವಾರದಲ್ಲಿ ಬಿಡುಗಡೆಯಾಗುವ ಕಂತಂತೂ ಹಳೆ ಬಾಕಿಗೇ ಹೋಗುತ್ತದೆ. ಹೊಸದಾಗಿ ಏನನ್ನೂ ಮಾಡಲಾಗದು.

ಸಾಲ ಹುಟ್ಟದ ಸಂಸ್ಥೆಯಲ್ಲಿ ಸಂಬಳವೇ ನಿಲ್ಲುತ್ತದೆ. ಮೊದಲು ಬಿಟ್ಟುಹೋಗುವವರು ಫಿಸಿಯೋಥೆರಪಿಸ್ಟ್ ಮತ್ತು ಸ್ಪೀಚ್ ಥೆರಪಿಸ್ಟ್, ಏಕೆಂದರೆ ಅವರಿಗೆ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೆಲಸ ಸಿಗುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕೈಕಾಲು ಚಾಚಿಸುವ ವ್ಯಾಯಾಮ ತಿಂಗಳುಗಟ್ಟಲೆ ನಿಂತರೆ ಸ್ನಾಯು ಬಿಗಿದು ಕೀಲು ಮಡಚಿಕೊಳ್ಳುತ್ತಾ ಹೋಗುತ್ತದೆ. ಆಮೇಲೆ ಎಷ್ಟು ದುಡ್ಡು ಬಂದರೂ ಆ ಕೀಲು ಮೊದಲಿನಂತಾಗುವುದು ಕಷ್ಟ.

ಇನ್ನೊಂದು ಸಂಗತಿ, ಕಣ್ಣಿಗೆ ಬೀಳದ ಖರ್ಚು. ಶಿಬಿರಗಳಲ್ಲಿ ಶ್ರವಣಸಾಧನ ಉಚಿತವಾಗಿ ಸಿಗುತ್ತದೆ. ಆದರೆ ಮಗುವಿನ ಜೊತೆ ಅದರ ಕಿವಿಯೂ ಬೆಳೆಯುತ್ತದಲ್ಲ? ಸಣ್ಣ ಮಕ್ಕಳಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಹೊಸ ಇಯರ್ ಮೋಲ್ಡ್ (ಸಾಧನವನ್ನು ಕಿವಿಯಲ್ಲಿ ಕೂರಿಸುವ ಅಚ್ಚು) ಬೇಕಾಗುತ್ತದೆ. ಮೋಲ್ಡ್ ಸಡಿಲಾದರೆ ಶಬ್ದ ಹೊರಸೋರಿ ಮತ್ತೆ ಮೈಕಿಗೆ ಸೇರಿ ಕುಯ್ಯೆಂದು ಸಿಳ್ಳೆ ಹಾಕುತ್ತದೆ, ಮಗು ಸಾಧನವನ್ನೇ ಕಿತ್ತಿಡುತ್ತದೆ. ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ. 40 ಮಕ್ಕಳು, ಎರಡು ಕಿವಿ, ಎರಡು ವಾರಕ್ಕೊಂದು ಎಂದರೂ ವರ್ಷಕ್ಕೆ 2,080 ಬ್ಯಾಟರಿ. ಈ ಸಣ್ಣ ಖರ್ಚಿಗೆ ಬಾಬು ಇಲ್ಲದೆ ಸಾವಿರಾರು ರೂಪಾಯಿಯ ಸಾಧನ ಪೆಟ್ಟಿಗೆ ಸೇರುತ್ತದೆ, ಮಗು ಮಾತು ಕಲಿಯುವ ವಯಸ್ಸು ದಾಟಿಹೋಗುತ್ತದೆ.

ಹಾಜರಾತಿಯದೂ ಒಂದು ತೊಡಕು. ದೀಪಾವಳಿ ಕಳೆದ ಮೇಲೆ ದೇವದುರ್ಗ, ಲಿಂಗಸುಗೂರು ಕಡೆಯ ಕುಟುಂಬಗಳು ಬೆಂಗಳೂರು, ಪುಣೆಗೆ ಗುಳೆ ಹೋಗುತ್ತವೆ. ವಸತಿಯಿಲ್ಲದ ಶಾಲೆಯ ಮಕ್ಕಳೂ ಜೊತೆಗೆ ಹೊರಡುತ್ತಾರೆ. ಆ ದಿನಗಳಲ್ಲಿ ತಪಾಸಣೆ ನಡೆದರೆ ತಲಾ ಲೆಕ್ಕದ ಅನುದಾನ ಕುಗ್ಗುತ್ತದೆ. ಜುಲೈ, ಫೆಬ್ರವರಿ ಎರಡು ಸಲ ತಪಾಸಣೆ ಮಾಡಿ ಸರಾಸರಿ ಹಿಡಿಯುವುದು ನ್ಯಾಯ.

2025-26ರ ಬಜೆಟ್‌ನಲ್ಲಿ ನಿಮ್ಮ ಮಂಡಳಿಗೆ 5,000 ಕೋಟಿ ರೂಪಾಯಿ ಇಡಲಾಗಿತ್ತು. ಅದರಲ್ಲಿ ಒಂದು ಚಿಕ್ಕ ಭಾಗವನ್ನು ಜಿಲ್ಲಾಧಿಕಾರಿಗಳ ಬಳಿ ಸುತ್ತುನಿಧಿಯಾಗಿ ಇಡಿ ಎಂಬುದೇ ನಮ್ಮ ಕೋರಿಕೆ. ಹಿಂದಿನ ವರ್ಷದ ಬಳಕೆ ಪ್ರಮಾಣಪತ್ರ (ಅನುದಾನ ಹೇಗೆ ಖರ್ಚಾಯಿತು ಎಂಬ ದಾಖಲೆ) ಕೊಟ್ಟ ಶಾಲೆಗೆ, ಆ ವರ್ಷ ಮಂಜೂರಾಗಿದ್ದ ಮೊತ್ತದ ಅರ್ಧವನ್ನು ಏಪ್ರಿಲ್‌ನಲ್ಲೇ ಮುಂಗಡ ಕೊಡಿ. ಇಲಾಖೆಯ ಅನುದಾನ ಬಂದ ದಿನ ಅಷ್ಟನ್ನು ಮುರಿದುಕೊಂಡು ನಿಧಿಗೆ ತುಂಬಿ. ಮುಂದಿನ ಏಪ್ರಿಲ್‌ಗೆ ಅದೇ ಹಣ ಮತ್ತೆ ಉಪಯೋಗಕ್ಕೆ ಬರುತ್ತದೆ. ಏಪ್ರಿಲ್‌ನಲ್ಲೇ ಆಡಿಟ್ ವರದಿ ಕೇಳಿದರೆ ಯಾರ ಬಳಿಯೂ ಇರುವುದಿಲ್ಲ. ಸಂಸ್ಥೆಯ ಸಹಿ ಇರುವ ಜಮಾ-ಖರ್ಚು ಪಟ್ಟಿಯನ್ನು ಒಪ್ಪಿಕೊಂಡು, ಸೆಪ್ಟೆಂಬರ್ 30ರೊಳಗೆ ಆಡಿಟ್ ಆದದ್ದನ್ನು ಪಡೆಯಿರಿ. ಕೊಡದವರಿಗೆ ಎರಡನೇ ಕಂತು ತಡೆಯಿರಿ, ನಮ್ಮ ತಕರಾರಿಲ್ಲ. ಮೋಲ್ಡ್, ಬ್ಯಾಟರಿ, ಗಾಲಿಕುರ್ಚಿ ರಿಪೇರಿಗೆ ಬೇರೆಯೇ ಬಾಬು ಇರಲಿ.

ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಮೊದಲ ವರ್ಷ ಅಲ್ಲಿಂದಲೇ ಶುರುವಾಗಲಿ. ಮುಂದಿನ ಕ್ರಿಯಾ ಯೋಜನೆಯಲ್ಲಿ ಇದನ್ನು ಸೇರಿಸುವಿರಾ ಎಂಬುದಕ್ಕೆ ನಿಮ್ಮಿಂದ ಲಿಖಿತ ಉತ್ತರ ಬಯಸುತ್ತೇವೆ.

ಇಂತಿ,
ವಿಶೇಷ ಶಾಲೆಗಳ ಶಿಕ್ಷಕರು ಮತ್ತು ಲೆಕ್ಕಪತ್ರ ನೋಡುವವರು,
ರಾಯಚೂರು ಜಿಲ್ಲೆ