ಡೆಂಗಿ ಕಿಟ್ ಬರುವವರೆಗೆ ಮಕ್ಕಳ ಜ್ವರ ಕಾಯುವುದೇ?

ಮಾನ್ಯರೇ,

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಡೆಂಗಿ ಪರೀಕ್ಷೆಯ ಕಿಟ್‌ಗಳಿಗೆ ಕೊರತೆಯಿಲ್ಲವೆಂದು ಪ್ರಗತಿ ಪರಿಶೀಲನಾ ಸಭೆಯಲ್ಲಿ ಅಧಿಕಾರಿಗಳು ನೀಡಿದ ಹೇಳಿಕೆಯನ್ನು ಮಂಗಳವಾರದ ಪತ್ರಿಕೆಯಲ್ಲಿ ಓದಿ ಸಿಟ್ಟು ತಡೆಯಲಾಗುತ್ತಿಲ್ಲ. ಅದೇ ದಿನ ಬೆಳಿಗ್ಗೆ, ಮೈ ಸುಡುತ್ತಿದ್ದ ಮಗಳನ್ನು ಎತ್ತಿಕೊಂಡು ಹೊರರೋಗಿಗಳ ಸಾಲಿನಲ್ಲಿ ನಿಂತು, ಡೆಂಗಿ ವೈರಾಣುವಿನ ಪ್ರೋಟೀನನ್ನು ರಕ್ತದಲ್ಲಿ ಹುಡುಕುವ ಎನ್‌ಎಸ್‌1 ಪರೀಕ್ಷೆಗೆ ವೈದ್ಯರಿಂದ ಚೀಟಿ ಬರೆಸಿಕೊಂಡು ಪ್ರಯೋಗಾಲಯಕ್ಕೆ ಹೋದರೆ, ಕಿಟ್ ಮುಗಿದಿದೆ, ಸ್ಟಾಕ್ ಬಂದ ಮೇಲೆ ಬನ್ನಿ ಎಂಬ ಉತ್ತರ ಸಿಕ್ಕಿತು.

ಮಳೆಯಲ್ಲಿ ಆಟೊ ಹಿಡಿದು ಖಾಸಗಿ ಲ್ಯಾಬಿಗೆ ಹೋದೆ. ಸ್ಥಳದಲ್ಲೇ ಬೇಗ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಗೆ 250 ರೂಪಾಯಿ, ಪ್ರಯೋಗಾಲಯದಲ್ಲಿ ಮಾಡುವ ಹೆಚ್ಚು ಖಚಿತವಾದ ಎಲೈಸಾ ವಿಧಾನದ ಎನ್‌ಎಸ್‌1 ಮತ್ತು ಐಜಿಎಂ (ಡೆಂಗಿ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆಗಳಿಗೆ ತಲಾ 300 ರೂಪಾಯಿ ಮೀರಬಾರದೆಂದು ರಾಜ್ಯ ಸರ್ಕಾರ 2024ರಲ್ಲೇ ದರ ನಿಗದಿ ಮಾಡಿತ್ತು. ಆದರೆ ಅಲ್ಲಿ ದರದ ಫಲಕವೇ ಇರಲಿಲ್ಲ. ಡೆಂಗಿಯೊಂದನ್ನೇ ಮಾಡುವುದಿಲ್ಲ, ಜ್ವರದ ಪ್ಯಾಕೇಜ್ ಮಾಡಿಸಿ ಎಂದರು. ಮಗು ಕೈಯಲ್ಲಿ ನರಳುತ್ತಿರುವಾಗ ಯಾವ ತಾಯಿ ಚೌಕಾಶಿ ಮಾಡಿಯಾಳು? ಆ ದಿನದ ಕೂಲಿಯೂ ಹೋಯಿತು, ಶಾಲೆ ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಹಣವೂ ಹೋಯಿತು.

ಎನ್‌ಎಸ್‌1 ರಕ್ತದಲ್ಲಿ ಸರಿಯಾಗಿ ಸಿಗುವುದು ಜ್ವರ ಬಂದ ಮೊದಲ ಐದು ದಿನಗಳಲ್ಲಿ. ಕಾರ್ಡಿನ ಫಲಿತಾಂಶ ಖಚಿತವಲ್ಲ, ನೆಗೆಟಿವ್ ಬಂದರೂ ಡೆಂಗಿ ಇರಬಹುದು, ಸರ್ಕಾರ ಎಲೈಸಾದಲ್ಲಿ ಪಾಸಿಟಿವ್ ಬಂದದ್ದನ್ನು ಮಾತ್ರ ದೃಢಪಟ್ಟ ಪ್ರಕರಣವೆಂದು ಎಣಿಸುತ್ತದೆ ಎಂಬುದನ್ನು ವೈದ್ಯರೇ ತಿಳಿಸಿದರು. ಒಪ್ಪುತ್ತೇನೆ. ಆದರೆ ಎಲೈಸಾಗೆಂದು ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದ ರಕ್ತದ ಮಾದರಿ ಉಳಿದ ಮಾದರಿಗಳೊಂದಿಗೆ ಸರದಿಗೆ ಕಾದು, ವರದಿ ತಾಲ್ಲೂಕಿಗೆ ಮರಳುವ ಹೊತ್ತಿಗೆ ಮಗುವಿನ ಪಾಡು ಏನಾಗಿರುತ್ತದೆ? ಮಕ್ಕಳಲ್ಲಿ ಅಪಾಯ ಹೆಚ್ಚುವುದು ಜ್ವರ ಇಳಿಯುವಾಗ. ಮೈ ತಣ್ಣಗಾಯಿತೆಂದು ಹೆತ್ತವರು ಸಮಾಧಾನಪಡುವ ಹೊತ್ತಿನಲ್ಲೇ ಹೊಟ್ಟೆನೋವು, ನಿಲ್ಲದ ವಾಂತಿ, ಮಂಪರು ಶುರುವಾಗಬಹುದು. ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ಕೊಡುವ ಕಾರ್ಡಿನಲ್ಲಿ ಗೆರೆ ಮೂಡಿದರೆ ಮನೆಯವರು ಎಚ್ಚರವಾಗಿರುತ್ತಾರೆ, ಡೆಂಗಿಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುವ ಐಬುಪ್ರೊಫೆನ್ ಎಂಬ ಜ್ವರ-ನೋವಿನ ಔಷಧವನ್ನು ಅಂಗಡಿಯಿಂದ ತಂದು ಕುಡಿಸುವುದೂ ತಪ್ಪುತ್ತದೆ.

ಇದು ಈ ವರ್ಷದ ಗೋಳು ಮಾತ್ರವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರದವರು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಲ್ಲಿ ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಟ್ಟರೆ ನಗರ ಪ್ರದೇಶದಲ್ಲಿ 400 ರೂಪಾಯಿ ದಂಡವೆಂದರು. ಪುರಸಭೆಯವರು ಬಂದು ನಮ್ಮ ಡ್ರಮ್ಮುಗಳ ಫೋಟೊ ತೆಗೆದರು. ವಾರಕ್ಕೊಮ್ಮೆ ನಲ್ಲಿ ನೀರು ಬಿಟ್ಟರೆ ಡ್ರಮ್ಮಿನಲ್ಲಿ ತುಂಬಿಡದೆ ಏನು ಮಾಡಬೇಕೆಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಕಟ್ಟಡದ ತಳದಲ್ಲಿ ನಿಂತ ನೀರು ಅಂದೂ ಇತ್ತು, ಇಂದೂ ಇದೆ. ಬಡವರ ಡ್ರಮ್ಮಿಗೆ ದಂಡವಿದ್ದರೆ, ಮಳೆಗಾಲದಲ್ಲಿ ಕಿಟ್ ತರಿಸದ ಅಧಿಕಾರಿಗೆ ಯಾವ ದಂಡ?

ಆರೋಗ್ಯ ಇಲಾಖೆ ತಕ್ಷಣ ಕಿಟ್ ಪೂರೈಸಬೇಕು, ಖಾಸಗಿ ಲ್ಯಾಬುಗಳ ಸುಲಿಗೆಗೆ ಕಡಿವಾಣ ಹಾಕಬೇಕು. ಅದಾಗದಿದ್ದರೆ ಕಿಟ್ ಇಲ್ಲವೆಂದು ಆಸ್ಪತ್ರೆಯ ಬಾಗಿಲಲ್ಲಾದರೂ ಬರೆದು ಹಾಕಲಿ. ಜಿಲ್ಲಾಧಿಕಾರಿಗಳೋ ಶಾಸಕರೋ ಯಾರಾದರೂ ಬಂದು ಆ ಪ್ರಯೋಗಾಲಯದ ಬೀರು ತೆರೆಸಿ ನೋಡಲಿ. ಇಲ್ಲದ ಕಿಟ್ಟನ್ನು ಇದೆಯೆಂದು ಸಭೆಯಲ್ಲಿ ಹೇಳಿದವರಿಗೆ ನಾಚಿಕೆಯಾಗಬೇಕು.

– ನೊಂದ ತಾಯಿ